ನಮೀಬಿಯಾನಾ, ಮಲಾವಿನಾ, ಬೋಟ್ಸ್ವಾನಾನಾ? ಆಫ್ರಿಕಾದ ದಕ್ಷಿಣ ಭಾಗದ ಯುರೇನಿಯಂ ಪಾಲುದಾರಿಕೆಗಳನ್ನು ಅಳೆದು ನೋಡುವ ಬಗೆ

2024ರ ಜನವರಿಯಲ್ಲಿ ಯುರೇನಿಯಂ ಬೆಲೆ ಪೌಂಡಿಗೆ 100 ಡಾಲರ್ ದಾಟಿತು. ಅಲ್ಲಿಂದೀಚೆಗೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರದವು. ನಮೀಬಿಯಾದ ಕಂಪನಿ ಒಳ್ಳೆಯದಾ, ಮಲಾವಿಯದಾ? ಬೋಟ್ಸ್ವಾನಾದಲ್ಲಿ ಭಾರಿ ನಿಕ್ಷೇಪ ಇದೆಯಂತೆ, ಶೇರು ಅಗ್ಗದಲ್ಲಿ ಸಿಗುತ್ತಿದೆ, ತಗೊಳ್ಳಬಹುದಾ? ಚೀನಾದವರು ಪಾಲುದಾರರಾಗಿ ಬಂದರೆ ಒಳ್ಳೆಯದಾ ಕೆಟ್ಟದ್ದಾ? ಭೂವಿಜ್ಞಾನ ಓದಿದ ಒಂದಿಬ್ಬರು ಹುಡುಗರು ನಮೀಬಿಯಾದ ಗಣಿಗಳ ಹತ್ತಿರದ ಊರಾದ ಸ್ವಾಕೋಪ್ಮುಂಡ್ ಕಡೆಯ ಕೆಲಸದ ಬಗ್ಗೆಯೂ ಕೇಳಿದ್ದಾರೆ.

ಈ ಪ್ರಶ್ನೆಗಳಲ್ಲಿ ಎಲ್ಲರೂ ದೇಶದ ಹೆಸರಿನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದದ್ದು. ಯುರೇನಿಯಂ ಗಣಿಯನ್ನು ಒಬ್ಬರೇ ಕಟ್ಟುವುದು ತುಂಬಾ ಅಪರೂಪ. ಸಣ್ಣ ಕಂಪನಿ ಹುಡುಕುತ್ತದೆ, ದೊಡ್ಡ ಕಂಪನಿ ಹಣ ಹಾಕುತ್ತದೆ, ಸರ್ಕಾರ ತನ್ನ ಪಾಲು ಕೇಳುತ್ತದೆ, ದೂರದ ವಿದ್ಯುತ್ ಕಂಪನಿ ಮಾಲು ಕೊಳ್ಳುತ್ತದೆ. ಈ ನಾಲ್ವರ ನಡುವಿನ ಕಾಗದದಲ್ಲಿ ಏನು ಬರೆದಿದೆ ಎಂಬುದು ಮಣ್ಣಿನೊಳಗೆ ಎಷ್ಟು ಯುರೇನಿಯಂ ಇದೆ ಎಂಬುದಕ್ಕಿಂತ ಹೆಚ್ಚು ಸಲ ಗೆಲುವು ಸೋಲನ್ನು ತೀರ್ಮಾನಿಸಿದೆ. ಹಾಗಾಗಿ ಮೊದಲು ಅಳತೆಗೋಲುಗಳನ್ನು ಇಟ್ಟುಕೊಳ್ಳೋಣ, ಆಮೇಲೆ ಒಂದೊಂದೇ ಯೋಜನೆ ನೋಡೋಣ.

ಮೊದಲು ಒಪ್ಪಂದ

ಹುಡುಕಾಟದ ಹಂತದಲ್ಲಿ ಹೆಚ್ಚಾಗಿ ಕಾಣುವುದು ಫಾರ್ಮ್-ಇನ್ ಒಪ್ಪಂದ. ನಮ್ಮಲ್ಲಿ ಹೊಲವನ್ನು ಕೋರಿಗೆ ಕೊಡುತ್ತಾರಲ್ಲ, ಹೆಚ್ಚುಕಡಿಮೆ ಹಾಗೇ. ಜಾಗದ ಪರವಾನಗಿ ಒಬ್ಬರದು, ಖರ್ಚು ಇನ್ನೊಬ್ಬರದು. ಒಪ್ಪಿದಷ್ಟು ಹಣವನ್ನು ಒಪ್ಪಿದಷ್ಟು ವರ್ಷದಲ್ಲಿ ಖರ್ಚು ಮಾಡಿದರೆ ಪಾಲು ಸಿಗುತ್ತದೆ.

ನಮೀಬಿಯಾದ ನೋವಾ ಜಂಟಿ ಉದ್ಯಮ ಇದಕ್ಕೆ ಒಳ್ಳೆಯ ಉದಾಹರಣೆ. ಆಸ್ಟ್ರೇಲಿಯಾದ ಡೀಪ್ ಯೆಲ್ಲೋ ಕಂಪನಿ ಅಲ್ಲಿ ಹುಡುಕಾಟ ನಡೆಸುತ್ತಿತ್ತು. ಜಪಾನ್ ಸರ್ಕಾರದ ಸಂಸ್ಥೆ ಜಾಗ್ಮೆಕ್ 4 ವರ್ಷದಲ್ಲಿ 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ಖರ್ಚು ಮಾಡಿ 39.5% ಪಾಲು ಗಳಿಸಿತು. ಡೀಪ್ ಯೆಲ್ಲೋ ಪಾಲು ಕೂಡ 39.5%ಕ್ಕೆ ಇಳಿಯಿತು. ಉಳಿದದ್ದು ಸಣ್ಣ ಪಾಲುದಾರರದು. ಅಂದರೆ ಡೀಪ್ ಯೆಲ್ಲೋ ತನ್ನ ಜೇಬಿನಿಂದ ಹಣ ತೆಗೆಯದೆ ಕೊರೆಸಿತು, ಅದಕ್ಕೆ ಬದಲಾಗಿ ಪಾಲು ಬಿಟ್ಟುಕೊಟ್ಟಿತು. ಇದು ಲಾಭವೋ ನಷ್ಟವೋ ಎಂಬುದು ಕೊರೆದ ಗುಂಡಿಯಲ್ಲಿ ಏನು ಸಿಕ್ಕಿತು ಎಂಬುದರ ಮೇಲೆ ನಿಂತಿದೆ. ಏನೂ ಸಿಗದಿದ್ದರೆ ಡೀಪ್ ಯೆಲ್ಲೋ ಹಣ ಉಳಿಯಿತು. ದೊಡ್ಡದು ಸಿಕ್ಕರೆ ಪಾಲು ಕಮ್ಮಿ ಆಯಿತು.

ಗಣಿ ಹಂತಕ್ಕೆ ಬಂದಾಗ ಇನ್ನು ಮೂರು ಸಂಗತಿ ಕೇಳಿ. ಸರ್ಕಾರದ ಪಾಲು ಹಣ ಕೊಟ್ಟು ಕೊಂಡದ್ದಾ, ಪುಕ್ಕಟೆಯದ್ದಾ? ಪುಕ್ಕಟೆಯಾದರೆ ಅದರ ಪಾಲಿನ ಬಂಡವಾಳವನ್ನೂ ಕಂಪನಿಯೇ ಹೊರಬೇಕು. ಉತ್ಪಾದನೆಯನ್ನು ಯಾರಿಗೆ, ಯಾವ ಬೆಲೆಗೆ ಮಾರಬೇಕು ಅಂತ ಮೊದಲೇ ಬರೆದಿದ್ದಾರಾ? ಒಬ್ಬ ಪಾಲುದಾರ ಸಾಲದಲ್ಲಿ ಮುಳುಗಿದರೆ ಇನ್ನೊಬ್ಬನಿಗೆ ಯಾವ ಹಕ್ಕು ಬರುತ್ತದೆ? ಮೂರನೆಯದನ್ನು ಯಾರೂ ಓದುವುದಿಲ್ಲ. ಅದು ಎಷ್ಟು ಮುಖ್ಯ ಅಂತ ನಮೀಬಿಯಾದ ಲ್ಯಾಂಗರ್ ಹೈನ್ರಿಚ್ ಗಣಿಯ ಕಥೆಯಲ್ಲಿ ನೋಡುತ್ತೀರಿ.

ಆಮೇಲೆ ಅದಿರು, ನೀರು, ದಾರಿ, ಕಾನೂನು, ಬೆಲೆ

ಕೆನಡಾದ ಮೆಕಾರ್ಥರ್ ರಿವರ್, ಸಿಗಾರ್ ಲೇಕ್ ಗಣಿಗಳ ಅದಿರಿನಲ್ಲಿ ಯುರೇನಿಯಂ ನೂರಕ್ಕೆ ಇಷ್ಟು ಅಂತ ಲೆಕ್ಕ. ನಮೀಬಿಯಾದಲ್ಲಿ ಹತ್ತು ಲಕ್ಷಕ್ಕೆ ಇಷ್ಟು ಅಂತ ಲೆಕ್ಕ, ಅಂದರೆ ಪಿಪಿಎಂ. 250ರಿಂದ 500 ಪಿಪಿಎಂ ಇದ್ದರೆ ಅಲ್ಲಿ ಗಣಿ ನಡೆಯುತ್ತದೆ. ಸುಮ್ನೆ ಈ ಸಂಖ್ಯೆ ನೋಡಿ ಹೆದರಬೇಡಿ. ಮೇಲ್ಮೈಗೆ ಹತ್ತಿರ ಇದ್ದರೆ, ಯಂತ್ರದಲ್ಲಿ ಬಾಚಿ ತೆಗೆಯುವಂತಿದ್ದರೆ, ಬಡ ಅದಿರೂ ಬದುಕಿಸುತ್ತದೆ.

ನೋಡಬೇಕಾದದ್ದು ಕಲ್ಲಿನ ಜಾತಿ. ನಮೀಬಿಯಾದ ರೋಸಿಂಗ್, ಹುಸಾಬ್, ಎಟಾಂಗೊ ಯೋಜನೆಗಳಲ್ಲಿ ಯುರೇನಿಯಂ ಇರುವುದು ಅಲಾಸ್ಕೈಟ್ ಎಂಬ ಗ್ರಾನೈಟ್ ಥರದ ಗಟ್ಟಿ ಕಲ್ಲಿನಲ್ಲಿ. ಒಡೆಯಲು ಕರೆಂಟು ಜಾಸ್ತಿ ಬೇಕು, ಕರಗಿಸಲು ಸಲ್ಫ್ಯೂರಿಕ್ ಆಮ್ಲ ಬೇಕು. ಅಲ್ಲಿನದೇ ಲ್ಯಾಂಗರ್ ಹೈನ್ರಿಚ್, ಟೂಮಸ್‌ಗಳಲ್ಲಿ ಅದು ಇರುವುದು ಹಳೆಯ ನದಿ ಪಾತ್ರದ ಸುಣ್ಣಗಲ್ಲಿನಲ್ಲಿ, ಹಳದಿ ಬಣ್ಣದ ಕಾರ್ನೊಟೈಟ್ ಖನಿಜವಾಗಿ. ಸುಣ್ಣ ಆಮ್ಲವನ್ನು ಕುಡಿದುಬಿಡುತ್ತದೆ. ಹಾಗಾಗಿ ಅಲ್ಲಿ ಸೋಡಾ ಬಳಸಿ ಬಿಸಿಯಾಗಿ ಕರಗಿಸುತ್ತಾರೆ. ಮಲಾವಿ, ಜಾಂಬಿಯಾಗಳದ್ದು ಮರಳುಗಲ್ಲು. ಒಂದು ದೇಶದಲ್ಲಿ ಗೆದ್ದ ವಿಧಾನ ಇನ್ನೊಂದು ಕಡೆ ಗೆಲ್ಲಬೇಕೆಂದೇನೂ ಇಲ್ಲ.

ಇಲ್ಲಿ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೊರೆದ ಗುಂಡಿಯೊಳಗೆ ಗಾಮಾ ಪ್ರೋಬ್ ಎಂಬ ಉದ್ದನೆಯ ಕೊಳವೆಯನ್ನು ಕೇಬಲ್‌ಗೆ ಕಟ್ಟಿ ಇಳಿಸುತ್ತಾರೆ. ಅದು ಮೇಲೆ ಬರುತ್ತಾ ಅಡಿಯಡಿಗೂ ವಿಕಿರಣ ಎಣಿಸುತ್ತದೆ. ಆದರೆ ಅದು ಎಣಿಸುವುದು ನೇರವಾಗಿ ಯುರೇನಿಯಂ ಅನ್ನಲ್ಲ, ಯುರೇನಿಯಂ ಕ್ಷಯಿಸಿ ಹುಟ್ಟುವ ಬೇರೆ ಮೂಲವಸ್ತುಗಳ ವಿಕಿರಣವನ್ನು. ನೀರು ಹರಿದು ಯುರೇನಿಯಂ ಬೇರೆಡೆಗೆ ಹೋಗಿದ್ದರೆ, ಅಥವಾ ನಿಕ್ಷೇಪ ತೀರಾ ಹೊಸದಾಗಿದ್ದರೆ, ಪ್ರೋಬ್ ತೋರಿಸುವ ಲೆಕ್ಕಕ್ಕೂ ಪ್ರಯೋಗಾಲಯದ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಆದ್ದರಿಂದ ಕಂಪನಿಯ ವರದಿಯಲ್ಲಿ ಬರೀ ಪ್ರೋಬ್ ಫಲಿತಾಂಶ ಇದೆಯಾ, ಕಲ್ಲಿನ ಪುಡಿಯ ರಾಸಾಯನಿಕ ಪರೀಕ್ಷೆಯೂ ಇದೆಯಾ ಅಂತ ನೋಡಿ. ಜೊತೆಗೆ ನಿಕ್ಷೇಪದ ಲೆಕ್ಕ ಇನ್‌ಫರ್ಡ್, ಇಂಡಿಕೇಟೆಡ್, ಮೆಷರ್ಡ್ ಅಂತ ಖಚಿತತೆ ಏರುತ್ತಾ ಹೋಗುವ ಮೂರು ದರ್ಜೆಯಲ್ಲಿರುತ್ತದೆ. ಇನ್‌ಫರ್ಡ್ ಅಂದರೆ ಅಂದಾಜು. ದೊಡ್ಡ ಸಂಖ್ಯೆಯಲ್ಲಿ ಮುಕ್ಕಾಲು ಪಾಲು ಅಂದಾಜೇ ಆಗಿದ್ದರೆ ಅದಕ್ಕೆ ಅಷ್ಟೇ ಮರ್ಯಾದೆ ಕೊಡಿ.

ನೀರಿನ ವಿಷಯದಲ್ಲಿ ನಮೀಬ್ ಮರುಭೂಮಿ ಕಠಿಣ. ಫ್ರಾನ್ಸಿನ ಅರೆವಾ ಕಂಪನಿ ತನ್ನ ಟ್ರೆಕೊಪ್ಯೆ ಗಣಿಗಾಗಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರ ಕಟ್ಟಿತು. ಗಣಿ ಪೂರ್ಣ ಪ್ರಮಾಣದಲ್ಲಿ ನಡೆಯಲೇ ಇಲ್ಲ. ಆದರೆ ಈಗ ಆ ಸ್ಥಾವರದ ನೀರನ್ನೇ ಸುತ್ತಲಿನ ಗಣಿಗಳು ನಂಬಿಕೊಂಡಿವೆ. ನಮೀಬಿಯಾಕ್ಕಿರುವ ದೊಡ್ಡ ಅನುಕೂಲ ವಾಲ್ವಿಸ್ ಬೇ ಬಂದರು. ಯುರೇನಿಯಂ ಪೀಪಾಯಿಗಳನ್ನು ಸಾಗಿಸಿ ಅದಕ್ಕೆ ದಶಕಗಳ ಅಭ್ಯಾಸ ಇದೆ. ಸಮುದ್ರ ಇಲ್ಲದ ಮಲಾವಿ, ಜಾಂಬಿಯಾ, ಬೋಟ್ಸ್ವಾನಾಗಳಿಗೆ ಇಲ್ಲದಿರುವುದು ಅದೇ.

ತೆರಿಗೆ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಮೀಬಿಯಾದಲ್ಲಿ ಯುರೇನಿಯಂಗೆ 3% ರಾಯಲ್ಟಿ, ವಜ್ರ ಬಿಟ್ಟು ಉಳಿದ ಗಣಿ ಕಂಪನಿಗಳಿಗೆ 37.5% ಆದಾಯ ತೆರಿಗೆ. ಮಲಾವಿಯಲ್ಲಿ ಕಯೆಲೆಕೆರಾ ಗಣಿಯಲ್ಲಿ ಸರ್ಕಾರಕ್ಕೆ 15% ಪಾಲು. ಬೋಟ್ಸ್ವಾನಾ ಸರ್ಕಾರಕ್ಕೆ ಗಣಿ ಪರವಾನಗಿ ಕೊಡುವಾಗ 15% ಕೊಳ್ಳುವ ಹಕ್ಕು. ಟಾಂಜಾನಿಯಾದಲ್ಲಿ 2017ರ ಕಾನೂನಿನ ಪ್ರಕಾರ ಕನಿಷ್ಠ 16% ಪುಕ್ಕಟೆ ಪಾಲು.

ಕೊನೆಯ ಅಳತೆ ಬೆಲೆ. 2007ರಲ್ಲಿ ಪೌಂಡಿಗೆ 136 ಡಾಲರ್ ಮುಟ್ಟಿದ್ದು 2016ರ ಕೊನೆಗೆ 20ಕ್ಕಿಂತ ಕೆಳಗೆ ಬಿತ್ತು. 2011ರ ಜಪಾನಿನ ಫುಕುಶಿಮಾ ಅಣು ಸ್ಥಾವರದ ದುರಂತ ಬೇಡಿಕೆಯನ್ನೇ ಮುರಿದಿತ್ತು. ಯಾವ ಯೋಜನೆ ಯಾವ ಬೆಲೆಯಲ್ಲಿ ಉಸಿರಾಡುತ್ತದೆ ಅಂತ ತಿಳಿಯದೆ ಹಣ ಹಾಕಬಾರದು.

ಲ್ಯಾಂಗರ್ ಹೈನ್ರಿಚ್: ಮತ್ತೆ ತೆರೆದ ಗಣಿ

ಆಸ್ಟ್ರೇಲಿಯಾದ ಪ್ಯಾಲಡಿನ್ ಎನರ್ಜಿಗೆ 75%, ಚೀನಾದ ಸರ್ಕಾರಿ ಅಣುಶಕ್ತಿ ಕಂಪನಿ ಸಿಎನ್‌ಎನ್‌ಸಿಗೆ 25%. ಜಂಟಿ ಉದ್ಯಮ ಅಂದರೇನು ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಈ ಭಾಗದಲ್ಲಿ ಇಲ್ಲ.

ಗಣಿ ಶುರುವಾದದ್ದು 2007ರ ಹೊತ್ತಿಗೆ, ಬೆಲೆ ಆಕಾಶದಲ್ಲಿದ್ದಾಗ. ಬೆಲೆ ಬಿದ್ದ ಮೇಲೆ ಪ್ಯಾಲಡಿನ್‌ಗೆ ಹಣ ಬೇಕಾಯಿತು. 2014ರಲ್ಲಿ 25% ಪಾಲನ್ನು 19 ಕೋಟಿ ಡಾಲರ್‌ಗೆ ಸಿಎನ್‌ಎನ್‌ಸಿಗೆ ಮಾರಿತು. ಆ ಪಾಲಿನ ಜೊತೆ ಉತ್ಪಾದನೆಯಲ್ಲಿ ಕಾಲು ಭಾಗವೂ ಅವರಿಗೆ ಹೋಗುತ್ತದೆ. ಇನ್ನೊಂದು ಕಡೆ ಫ್ರಾನ್ಸಿನ ವಿದ್ಯುತ್ ಕಂಪನಿ ಇಡಿಎಫ್‌ನಿಂದ ಮುಂದೆ ಯುರೇನಿಯಂ ಕೊಡುವ ಕರಾರಿನ ಮೇಲೆ 20 ಕೋಟಿ ಡಾಲರ್ ಮುಂಗಡ ಪಡೆದಿತ್ತು. 2017ರಲ್ಲಿ ಇಡಿಎಫ್ ಆ ಬಾಕಿ ಕೇಳಿತು. ಪ್ಯಾಲಡಿನ್ ಕೊಡಲಾಗದೆ, ಸಾಲದಲ್ಲಿ ಮುಳುಗಿದ ಕಂಪನಿಗೆ ನೇಮಿಸುವ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಆಗ ಎದ್ದು ಬಂದದ್ದು ಜಂಟಿ ಒಪ್ಪಂದದ ಒಂದು ಕಲಮು. ಪ್ಯಾಲಡಿನ್ ಕಷ್ಟಕ್ಕೆ ಸಿಲುಕಿದರೆ ಅದರ 75% ಪಾಲನ್ನು ಸ್ವತಂತ್ರ ಮೌಲ್ಯಮಾಪನದ ಬೆಲೆಗೆ ಕೊಳ್ಳುವ ಹಕ್ಕು ಸಿಎನ್‌ಎನ್‌ಸಿಗೆ ಇತ್ತು. ಬೆಲೆ ಪಾತಾಳದಲ್ಲಿದ್ದ ಕಾಲದ ಮೌಲ್ಯಮಾಪನ ಅದು. ಅವರು ಕೊನೆಗೆ ಕೊಳ್ಳಲಿಲ್ಲ. ಕೊಂಡಿದ್ದರೆ ಪ್ಯಾಲಡಿನ್‌ನ ಮುಖ್ಯ ಆಸ್ತಿಯೇ ಕೈಬಿಟ್ಟು ಹೋಗುತ್ತಿತ್ತು. ಶೇರುದಾರರಲ್ಲಿ ಎಷ್ಟು ಜನ ಆ ಕಲಮನ್ನು ಮೊದಲೇ ಓದಿದ್ದರೋ!

2018ರಲ್ಲಿ ಗಣಿ ನಿಂತಿತು. 2024ರ ಮಾರ್ಚ್ ಕೊನೆಗೆ ಮತ್ತೆ ಉತ್ಪಾದನೆ ಶುರುವಾಯಿತು. ಪೂರ್ತಿ ಓಡಿದರೆ ವರ್ಷಕ್ಕೆ ಸುಮಾರು 60 ಲಕ್ಷ ಪೌಂಡ್. ಸ್ಥಾವರ ಮೊದಲೇ ಇದ್ದ ಕಾರಣ ಹೊಸ ಗಣಿಯಷ್ಟು ಬಂಡವಾಳ ಬೇಕಾಗಲಿಲ್ಲ. ಅದು ಇದರ ದೊಡ್ಡ ಬಲ.

ಆದರೂ ಹಾದಿ ಸಲೀಸಾಗಿರಲಿಲ್ಲ. 2024ರಲ್ಲಿ ನೀರಿನ ಪೂರೈಕೆ ಏರುಪೇರಾಗಿ ಉತ್ಪಾದನೆಯ ಗುರಿ ಇಳಿಸಬೇಕಾಯಿತು. 2025ರ ಮಾರ್ಚ್‌ನಲ್ಲಿ ಮರುಭೂಮಿಯಲ್ಲಿ ಭಾರಿ ಮಳೆ ಸುರಿದು ಕೆಲಸ ನಿಂತಿತು, ಕಂಪನಿ ಆ ವರ್ಷದ ಗುರಿಯನ್ನೇ ಹಿಂತೆಗೆದುಕೊಂಡಿತು. ಒಂದೇ ವರ್ಷದೊಳಗೆ ನೀರಿಲ್ಲದೆಯೂ ತೊಂದರೆ, ನೀರು ಜಾಸ್ತಿಯಾಗಿಯೂ ತೊಂದರೆ. ನಡೆಯುತ್ತಿರುವ ಗಣಿ ಅಂದ ಮಾತ್ರಕ್ಕೆ ನಿಶ್ಚಿಂತೆ ಅಂತಲ್ಲ. ಆದರೆ ಇದು ಈಗ ಆದಾಯ ಇರುವ ಗಣಿ. ಮೊದಲ ಸಲ ಈ ಕ್ಷೇತ್ರಕ್ಕೆ ಬರುವವರು ನೋಡಬೇಕಾದ ಜಾಗ ಇದೇ ಅಂತ ನನ್ನ ಅಭಿಪ್ರಾಯ.

ಹುಸಾಬ್ ಮತ್ತು ರೋಸಿಂಗ್: ದೈತ್ಯರು, ಬಾಗಿಲು ಮುಚ್ಚಿದೆ

ಹುಸಾಬ್ ಅನ್ನು ಹುಡುಕಿದ್ದು ಎಕ್ಸ್‌ಟ್ರಾಕ್ಟ್ ರಿಸೋರ್ಸಸ್ ಎಂಬ ಆಸ್ಟ್ರೇಲಿಯನ್ ಕಂಪನಿ. 2012ರಲ್ಲಿ ಚೀನಾದ ಇನ್ನೊಂದು ಸರ್ಕಾರಿ ಅಣುಶಕ್ತಿ ಕಂಪನಿ ಸಿಜಿಎನ್ ಮತ್ತು ಚೀನಾ-ಆಫ್ರಿಕಾ ಅಭಿವೃದ್ಧಿ ನಿಧಿ ಸೇರಿ 200 ಕೋಟಿ ಡಾಲರ್‌ಗೂ ಮೀರಿ ಕೊಟ್ಟು ಅದನ್ನು ಕೊಂಡವು. ಈಗ 90% ಅವರದು, 10% ನಮೀಬಿಯಾ ಸರ್ಕಾರದ ಎಪಾಂಗೆಲೊ ಕಂಪನಿಯದು. 2016ರ ಕೊನೆಗೆ ಉತ್ಪಾದನೆ ಶುರುವಾಯಿತು. ಬೆಲೆ ತಳ ಕಂಡಿದ್ದ ಹೊತ್ತಿನಲ್ಲಿ ಹೊಸ ಗಣಿ ತೆರೆದರು! ಸರ್ಕಾರಿ ಹಣದ ತಾಳ್ಮೆ ಅಂದರೆ ಅದು. ಅವರಿಗೆ ಬೇಕಾದದ್ದು ಲಾಭಕ್ಕಿಂತ ಹೆಚ್ಚಾಗಿ ತಮ್ಮ ರಿಯಾಕ್ಟರುಗಳಿಗೆ ಇಂಧನ.

ರೋಸಿಂಗ್ 1976ರಿಂದ ನಡೆಯುತ್ತಿದೆ. 2019ರಲ್ಲಿ ರಿಯೊ ಟಿಂಟೊ ತನ್ನ 68.62% ಪಾಲನ್ನು ಚೀನಾ ನ್ಯಾಷನಲ್ ಯುರೇನಿಯಂ ಕಾರ್ಪೊರೇಷನ್‌ಗೆ ಮಾರಿತು. ಆರಂಭದ ಹಣ ಬರೀ 65 ಲಕ್ಷ ಡಾಲರ್. ಮುಂದೆ ಬೆಲೆ, ಆದಾಯ ಏರಿದರೆ ಮಾತ್ರ ಗರಿಷ್ಠ 10 ಕೋಟಿ ಡಾಲರ್ ಹೆಚ್ಚುವರಿ. ಅಷ್ಟು ದೊಡ್ಡ ಗಣಿಗೆ ಇಷ್ಟು ಕಮ್ಮಿಯಾ ಅಂತ ಅನ್ನಿಸಬಹುದು. ಹಳೆಯ ಗಣಿ ಕೊಳ್ಳುವವನು ಅದನ್ನು ಮುಚ್ಚುವ ಖರ್ಚನ್ನೂ ಕೊಳ್ಳುತ್ತಾನೆ ಅಂತ ನೆನಪಿಟ್ಟರೆ ಲೆಕ್ಕ ಸರಿಹೋಗುತ್ತದೆ. ಇನ್ನೊಂದು ಕುತೂಹಲದ ಸಂಗತಿ: ನಮೀಬಿಯಾ ಸರ್ಕಾರಕ್ಕೆ ಅಲ್ಲಿ ಪಾಲು 3% ಮಾತ್ರ, ಆದರೆ ಮತದಾನದ ಹಕ್ಕು 51%. ಇರಾನ್‌ಗೆ ಶಾ ಕಾಲದಿಂದ ಬಂದ ಸುಮಾರು 15% ಪಾಲಿದೆ, ಆದರೆ ಯುರೇನಿಯಂ ಕೊಳ್ಳುವ ಹಕ್ಕಿಲ್ಲ. ಪಾಲಿನ ಶೇಕಡಾವಾರು ನೋಡಿ ಅಧಿಕಾರ ಅಳೆಯಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಸಣ್ಣ ಹೂಡಿಕೆದಾರರಿಗೆ ಈ ಎರಡರಲ್ಲೂ ನೇರ ದಾರಿ ಇಲ್ಲ. ಕೆಲಸ ಹುಡುಕುವವರಿಗೆ ಮಾತ್ರ ಇವು ಮುಖ್ಯ.

ಎಟಾಂಗೊ ಮತ್ತು ಟೂಮಸ್: ಪರವಾನಗಿ ಇದೆ, ಗಣಿ ಇನ್ನೂ ಆಗಬೇಕು

ಎರಡಕ್ಕೂ 2023ರಲ್ಲಿ ನಮೀಬಿಯಾ ಸರ್ಕಾರ ಗಣಿ ಪರವಾನಗಿ ಕೊಟ್ಟಿತು. ಎರಡೂ ಆಸ್ಟ್ರೇಲಿಯನ್ ಕಂಪನಿಗಳು ಬೆಳೆಸಿದ ಯೋಜನೆಗಳು.

ಬ್ಯಾನರ್‌ಮನ್ ಎನರ್ಜಿ ಎಟಾಂಗೊ ಯೋಜನೆಯನ್ನು ಮೊದಲು ವರ್ಷಕ್ಕೆ 2 ಕೋಟಿ ಟನ್ ಅದಿರು ಅಗೆಯುವ ದೊಡ್ಡ ಗಣಿಯಾಗಿ ಯೋಚಿಸಿತ್ತು. ಬೆಲೆ ಬಿದ್ದ ಮೇಲೆ ಅದನ್ನು 80 ಲಕ್ಷ ಟನ್ನಿಗೆ ಇಳಿಸಿ, ವರ್ಷಕ್ಕೆ ಸುಮಾರು 35 ಲಕ್ಷ ಪೌಂಡ್ ತೆಗೆಯುವ ಯೋಜನೆ ಮಾಡಿತು. ಇದು ನನಗೆ ಹಿಡಿಸಿದ ನಿರ್ಧಾರ. ನಿಕ್ಷೇಪ ದೊಡ್ಡದು ಅಂತ ಗಣಿಯೂ ದೊಡ್ಡದೇ ಆಗಬೇಕಿಲ್ಲ. ಅದಿರು ಬಡವು, ಆದರೆ ರಾಶಿ ಹಾಕಿ ಮೇಲಿಂದ ಆಮ್ಲ ತೊಟ್ಟಿಕ್ಕಿಸಿ ಕರಗಿಸುವ ಸರಳ ವಿಧಾನಕ್ಕೆ ಒಗ್ಗುತ್ತದೆ. ನಮೀಬಿಯಾದ ಒನ್ ಎಕಾನಮಿ ಫೌಂಡೇಷನ್‌ಗೆ ಶುರುವಿನಲ್ಲೇ 5% ಪಾಲು ಕೊಟ್ಟಿದ್ದು ಸ್ಥಳೀಯರ ವಿಶ್ವಾಸಕ್ಕೆ ನೆರವಾಗುವ ಸಂಗತಿ.

ಟೂಮಸ್ ಡೀಪ್ ಯೆಲ್ಲೋದ್ದು. ಕಂಪನಿಯನ್ನು ಬಹುಕಾಲ ನಡೆಸಿದ ಜಾನ್ ಬೋರ್ಷಾಫ್ ಪ್ಯಾಲಡಿನ್ ಕಟ್ಟಿದವರು. ಲ್ಯಾಂಗರ್ ಹೈನ್ರಿಚ್ ಥರದ್ದೇ ಸುಣ್ಣಗಲ್ಲಿನ ಅದಿರು, ಆ ಅದಿರನ್ನು ಬಲ್ಲ ಜನ. 2025ರ ಏಪ್ರಿಲ್‌ನಲ್ಲಿ ಕಂಪನಿ ಗಣಿ ಕಟ್ಟುವ ಅಂತಿಮ ತೀರ್ಮಾನವನ್ನು ಮುಂದಕ್ಕೆ ಹಾಕಿತು. ಕಾರಣ: ಹೊಸ ಗಣಿ ಕಟ್ಟಲು ಈ ಬೆಲೆ ಸಾಲದು. ಕೇಳಲು ಕಹಿ, ಆದರೆ ಪ್ರಾಮಾಣಿಕ ಮಾತು.

ಈ ಗುಂಪಿನಲ್ಲಿ ಹಣ ಹಾಕುವವರು ಒಂದು ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರಬೇಕು. ಗಣಿ ಕಟ್ಟುವ ಸಾವಿರಾರು ಕೋಟಿ ರೂಪಾಯಿ ಎಲ್ಲಿಂದ ಬರುತ್ತದೆ? ದಾರಿ ಮೂರು. ಹೊಸ ಶೇರು ಮಾರಿದರೆ ನಿಮ್ಮ ಪಾಲು ತೆಳುವಾಗುತ್ತದೆ. ಸಾಲ ಮಾಡಿದರೆ ಬೆಲೆ ಬಿದ್ದಾಗ ಕುತ್ತಿಗೆಗೆ ಬರುತ್ತದೆ. ದೊಡ್ಡ ಪಾಲುದಾರನನ್ನು ತಂದರೆ ಯೋಜನೆಯ ಒಂದು ಭಾಗವೂ, ಮಾಲು ಮಾರುವ ಸ್ವಾತಂತ್ರ್ಯದ ಒಂದು ಭಾಗವೂ ಹೋಗುತ್ತದೆ. ಮೂರರಲ್ಲಿ ನನಗೆ ಮೂರನೆಯದೇ ವಾಸಿ, ಆದರೆ ಒಂದು ಷರತ್ತಿನ ಮೇಲೆ: ಮಾರಾಟದ ಬೆಲೆ ಮಾರುಕಟ್ಟೆಗೆ ಕಟ್ಟಿರಬೇಕು, ಪಾಲುದಾರನ ಇಷ್ಟಕ್ಕೆ ಬಿಟ್ಟಿರಬಾರದು.

ಕಯೆಲೆಕೆರಾ ಮತ್ತು ಲೆಟ್ಲಾಕಾನೆ: ಒಂದೇ ಕಂಪನಿ, ಎರಡು ಸ್ವಭಾವ

ಎರಡೂ ಈಗ ಲೋಟಸ್ ರಿಸೋರ್ಸಸ್ ಕೈಯಲ್ಲಿವೆ.

ಕಯೆಲೆಕೆರಾ ಇರುವುದು ಮಲಾವಿಯ ಉತ್ತರ ತುದಿಯ ಕರೊಂಗಾ ಜಿಲ್ಲೆಯಲ್ಲಿ. ಪ್ಯಾಲಡಿನ್ ಅದನ್ನು 2009ರಲ್ಲಿ ತೆರೆಯಿತು, 2014ರಲ್ಲಿ ನಿಲ್ಲಿಸಿತು. ಸರ್ಕಾರಕ್ಕೆ 15% ಪಾಲು, ಅದಕ್ಕೆ ಬದಲಾಗಿ ಕಂಪನಿಗೆ ತೆರಿಗೆ ರಿಯಾಯಿತಿ ಅಂತ ಆಗ ಒಪ್ಪಂದ ಆಗಿತ್ತು. ವಿಶ್ವಸಂಸ್ಥೆಯ ವಿಶೇಷ ವರದಿಗಾರ ಒಲಿವಿಯೆ ಡಿ ಶುಟರ್ 2013ರಲ್ಲಿ ಮಲಾವಿಗೆ ಬಂದಾಗ ಈ ರಿಯಾಯಿತಿಗಳಿಂದ ಬಡ ದೇಶ ಆದಾಯ ಕಳೆದುಕೊಳ್ಳುತ್ತಿದೆ ಅಂತ ಟೀಕಿಸಿದ್ದರು. ಆ ಟೀಕೆಯಲ್ಲಿ ಹುರುಳಿತ್ತು ಅಂತ ನಾನು ನಂಬುತ್ತೇನೆ. ಹೂಡಿಕೆದಾರರೂ ಇದನ್ನು ಗಂಭೀರವಾಗಿ ತಗೊಳ್ಳಬೇಕು. ಒಂದು ಕಡೆಗೆ ತೀರಾ ವಾಲಿದ ಒಪ್ಪಂದ ಬಹಳ ದಿನ ಬಾಳುವುದಿಲ್ಲ. ಹೊಸ ಸರ್ಕಾರ ಬಂದಾಗ ಮೊದಲು ಕೈ ಹಾಕುವುದು ಅದಕ್ಕೇ.

ಲೋಟಸ್ 2024ರಲ್ಲಿ ಹೊಸ ಒಪ್ಪಂದ ಮಾಡಿಕೊಂಡಿತು. 15% ಸರ್ಕಾರಕ್ಕೆ, 10 ವರ್ಷ ತೆರಿಗೆ ಸ್ಥಿರತೆ. 2025ರ ಆಗಸ್ಟ್‌ನಲ್ಲಿ ಮತ್ತೆ ಉತ್ಪಾದನೆ ಶುರುವಾಯಿತು. ಗುರಿ ವರ್ಷಕ್ಕೆ ಸುಮಾರು 24 ಲಕ್ಷ ಪೌಂಡ್. ಗಣಿ ಸಣ್ಣದು, ಆದರೆ ಅದಿರಿನಲ್ಲಿ ಯುರೇನಿಯಂ ಅಂಶ ನಮೀಬಿಯಾದ ಹಲವು ಗಣಿಗಳಿಗಿಂತ ಹೆಚ್ಚು. ತೊಂದರೆ ಇರುವುದು ದಾರಿಯಲ್ಲಿ. ಆಮ್ಲ, ಡೀಸೆಲ್, ಬಿಡಿಭಾಗ ಎಲ್ಲ ಲಾರಿಯಲ್ಲಿ ಗಡಿ ದಾಟಿ ಬರಬೇಕು. ಪ್ಯಾಲಡಿನ್ ಕಾಲದಲ್ಲಿ ಇಲ್ಲಿನ ಯೆಲ್ಲೋಕೇಕ್, ಅಂದರೆ ಅದಿರಿನಿಂದ ತೆಗೆದ ಯುರೇನಿಯಂ ಪುಡಿ, ಜಾಂಬಿಯಾ ದಾಟಿ ವಾಲ್ವಿಸ್ ಬೇ ತನಕ ರಸ್ತೆಯಲ್ಲೇ ಹೋಗುತ್ತಿತ್ತು. ಮಲಾವಿಯಲ್ಲಿ ವಿದೇಶಿ ವಿನಿಮಯ, ಇಂಧನ ಎರಡಕ್ಕೂ ಆಗಾಗ ಬರ. ಬೆಲೆ ಏರಿದರೆ ಈ ಗಣಿ ಬೇಗ ಚಿಗುರುತ್ತದೆ, ಬಿದ್ದರೆ ಮೊದಲು ಒಣಗುವುದೂ ಇಂಥದ್ದೇ.

ಬೋಟ್ಸ್ವಾನಾದ ಲೆಟ್ಲಾಕಾನೆ ಬೇರೆಯದೇ ಕಥೆ. ಮೊದಲಿಗೆ ಒಂದು ಎಚ್ಚರಿಕೆ: ಅದೇ ಹೆಸರಿನ ಪ್ರಸಿದ್ಧ ವಜ್ರದ ಗಣಿ ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯುರೇನಿಯಂ ಯೋಜನೆ ಇರುವುದು ಸೆರುಲೆ ಊರಿನ ಹತ್ತಿರ, ಹೆದ್ದಾರಿ ಮತ್ತು ರೈಲು ದಾರಿಯ ಪಕ್ಕದಲ್ಲೇ. ಎ-ಕ್ಯಾಪ್ ಎನರ್ಜಿ ಇದನ್ನು ವರ್ಷಗಟ್ಟಲೆ ಬೆಳೆಸಿ 2023ರಲ್ಲಿ ಲೋಟಸ್ ಜೊತೆ ವಿಲೀನವಾಯಿತು. ನಿಕ್ಷೇಪ ದೊಡ್ಡದು, ದೇಶ ಶಾಂತವಾದದ್ದು, ಆಡಳಿತ ಚೆನ್ನಾಗಿದೆ. ಹಾಗಿದ್ದೂ ಇಷ್ಟು ವರ್ಷ ಯಾಕೆ ಗಣಿಯಾಗಲಿಲ್ಲ? ಅದಿರು ಬಡವು, ಆಮ್ಲ ತುಂಬಾ ಕುಡಿಯುತ್ತದೆ. ದೇಶ ಎಷ್ಟೇ ಒಳ್ಳೆಯದಿದ್ದರೂ ಕಲ್ಲು ಒಪ್ಪಬೇಕಲ್ಲ. ಅಗ್ಗದ ಶೇರು ಅಂತ ಕೇಳಿದವರಿಗೆ ನನ್ನ ಉತ್ತರ: ಬೆಲೆ ದೀರ್ಘಕಾಲ ಎತ್ತರದಲ್ಲೇ ನಿಲ್ಲುತ್ತದೆ ಅಂತ ನಿಮಗೆ ಖಾತ್ರಿ ಇದ್ದರೆ ಮಾತ್ರ ಇದಕ್ಕೆ ಅರ್ಥ ಇದೆ.

ಜಾಂಬಿಯಾದ ಮುಟಾಂಗಾ

ಕರೀಬಾ ಜಲಾಶಯದ ಕಡೆ, ಸಿಯಾವೊಂಗಾ ಹತ್ತಿರ. ಮರಳುಗಲ್ಲಿನ ಅದಿರು, ರಾಶಿ ಹಾಕಿ ಕರಗಿಸುವಂಥದ್ದು, ಆಮ್ಲವೂ ಕಮ್ಮಿ ಸಾಕು. ತಾಮ್ರ ಕರಗಿಸುವ ಕಾರ್ಖಾನೆಗಳ ದೇಶವಾದ್ದರಿಂದ ಸಲ್ಫ್ಯೂರಿಕ್ ಆಮ್ಲ ದೇಶದೊಳಗೇ ಸಿಗುತ್ತದೆ. ಮಲಾವಿಗಿಲ್ಲದ ಭಾಗ್ಯ ಅದು. ಆದರೆ 2024ರ ಬರಗಾಲದಲ್ಲಿ ಕರೀಬಾ ಬತ್ತಿ ದೇಶವೇ ಕತ್ತಲಾಗಿತ್ತು. ಕರೆಂಟಿನ ಯೋಚನೆ ಇಲ್ಲದೆ ಇಲ್ಲಿ ಯಾವ ಲೆಕ್ಕವೂ ಪೂರ್ತಿಯಾಗುವುದಿಲ್ಲ. ಯೋಜನೆ ಕೈಯಿಂದ ಕೈಗೆ ಹೋಗಿದೆ: 2007ರಲ್ಲಿ ಕೆನಡಾದ ಡೆನಿಸನ್‌ಗೆ, 2016ರಲ್ಲಿ ಗೋವಿಎಕ್ಸ್‌ಗೆ. ಗೋವಿಎಕ್ಸ್‌ಗೆ ನೈಜರ್‌ನಲ್ಲಿದ್ದ ಮುಖ್ಯ ಪರವಾನಗಿಯನ್ನು ಅಲ್ಲಿನ ಸೇನಾ ಸರ್ಕಾರ 2024ರಲ್ಲಿ ಕಿತ್ತುಕೊಂಡ ಮೇಲೆ ಮುಟಾಂಗಾವೇ ಅದರ ಮುಖ್ಯ ಆಸ್ತಿಯಾಯಿತು. ಒಂದೇ ಯೋಜನೆ ಮೇಲೆ ನಿಂತ ಕಂಪನಿಯ ಅಪಾಯ ಏನು ಅಂತ ಬೇರೆ ಹೇಳಬೇಕಾಗಿಲ್ಲ.

ಸದ್ಯಕ್ಕೆ ಪಕ್ಕಕ್ಕಿಡಬಹುದಾದವು

ಟಾಂಜಾನಿಯಾದ ಮ್ಕುಜು ರಿವರ್ ಯೋಜನೆ ರಷ್ಯಾದ ಸರ್ಕಾರಿ ಅಣುಶಕ್ತಿ ಸಂಸ್ಥೆ ರೊಸಾಟಮ್ ಬಳಗದ್ದು. ಅದಕ್ಕಾಗಿ 2012ರಲ್ಲಿ ಸೆಲೂಸ್ ಅಭಯಾರಣ್ಯದ ವಿಶ್ವ ಪರಂಪರೆ ಗಡಿಯನ್ನೇ ಬದಲಿಸಿದರು. ನಿರ್ಬಂಧಗಳ ಈ ಕಾಲದಲ್ಲಿ ಹೊರಗಿನ ಸಣ್ಣ ಹೂಡಿಕೆದಾರರಿಗೆ ಅದು ದೂರದ ಮಾತು. ದಕ್ಷಿಣ ಆಫ್ರಿಕಾ ದೇಶದಲ್ಲಿ ಯುರೇನಿಯಂ ಚಿನ್ನದ ಗಣಿಯ ಉಪ ಉತ್ಪನ್ನ. ಅಲ್ಲಿ ನೀವು ಕೊಳ್ಳುವುದು ಚಿನ್ನದ ಶೇರನ್ನೇ. ಕರೂ ಪ್ರದೇಶದಲ್ಲಿ ಹುಡುಕುತ್ತಿದ್ದ ಪೆನಿನ್ಸುಲಾ ಎನರ್ಜಿ ಕೈಬಿಟ್ಟು ಹೋಯಿತು.

ನಮೀಬಿಯಾದ ಪೂರ್ವ ಭಾಗದಲ್ಲಿ ಸ್ಟಾಂಪ್ರೀಟ್ ಎಂಬ ಅಂತರ್ಜಲ ಪ್ರದೇಶವಿದೆ. ರೊಸಾಟಮ್ ಬಳಗದ ಕಂಪನಿ ಅಲ್ಲಿ ನೆಲದೊಳಗೇ ದ್ರಾವಣ ಇಳಿಸಿ ಯುರೇನಿಯಂ ತೆಗೆಯಲು ಹೊರಟಿತ್ತು. ರೈತರು ಕುಡಿಯುವ ನೀರೂ ಅದೇ. 2021ರಲ್ಲಿ ಸರ್ಕಾರ ಕೊಳವೆಬಾವಿ ಕೊರೆಯುವ ಪರವಾನಗಿ ಹಿಂಪಡೆಯಿತು. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಯುರೇನಿಯಂ ಸಿಕ್ಕಾಗ ಜನ ಮೊದಲು ಕೇಳಿದ್ದೂ ಬಾವಿ ನೀರಿನ ಬಗ್ಗೆಯೇ. ನೀರಿನ ಪ್ರಶ್ನೆಗೆ ಸ್ಪಷ್ಟ ಉತ್ತರ ಇಲ್ಲದ ಯೋಜನೆಯಲ್ಲಿ ಹಣ ಹಾಕಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದು ಬರೀ ಲಾಭ ನಷ್ಟದ ಮಾತಲ್ಲ.

ನಿಮಗೆ ಯಾವುದು?

ಭಾರತದಲ್ಲಿರುವವರು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಎಲ್‌ಆರ್‌ಎಸ್ ಯೋಜನೆಯ ಅಡಿಯಲ್ಲಿ ವರ್ಷಕ್ಕೆ 2.5 ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು. ಹೂಡಿಕೆಗೆ ಕಳಿಸುವ ಹಣ 10 ಲಕ್ಷ ರೂಪಾಯಿ ದಾಟಿದರೆ ಮೇಲಿನದಕ್ಕೆ 20% ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಮೊದಲೇ ಕಟ್ಟಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು. ಈ ಕಂಪನಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮಾರುಕಟ್ಟೆಯಲ್ಲಿವೆ. ನಿಮ್ಮ ಬ್ರೋಕರ್ ಅಲ್ಲಿಗೆ ದಾರಿ ಕೊಡುತ್ತಾರಾ, ಶುಲ್ಕ ಎಷ್ಟು ಅಂತ ಮೊದಲು ಕೇಳಿ. ಹಣ ಸಣ್ಣದಿದ್ದರೆ ಶುಲ್ಕವೇ ತಿಂದುಬಿಡುತ್ತದೆ.

ಐವತ್ತು ಸಾವಿರದಿಂದ ಒಂದು ಲಕ್ಷದ ಮಾತಾದರೆ ಒಂದು ಯೋಜನೆಯನ್ನೂ ಆರಿಸಬೇಡಿ. ಅಮೆರಿಕದ ಮಾರುಕಟ್ಟೆಯಲ್ಲಿ ಯುರೇನಿಯಂ ಕಂಪನಿಗಳ ಇಟಿಎಫ್, ಅಂದರೆ ಹಲವು ಕಂಪನಿಗಳ ಶೇರು ಒಟ್ಟಿಗೆ ಇರುವ ನಿಧಿಗಳು ಇವೆ. ಅದರೊಳಗೆ ಪ್ಯಾಲಡಿನ್‌ನಂಥವು ಕೆನಡಾ, ಕಜಾಕಿಸ್ತಾನದ ಕಂಪನಿಗಳ ಜೊತೆ ಸೇರಿ ಬರುತ್ತವೆ. ಒಂದು ಗಣಿಗೆ ಮಳೆ ನುಗ್ಗಿದರೂ ನಿಮ್ಮ ಹಣ ಪೂರ್ತಿ ಮುಳುಗುವುದಿಲ್ಲ.

ಸ್ವಲ್ಪ ಹೆಚ್ಚು ಹಣ, ನಾಲ್ಕೈದು ವರ್ಷ ಕಾಯುವ ಮನಸ್ಸು ಇದ್ದರೆ ಲ್ಯಾಂಗರ್ ಹೈನ್ರಿಚ್ ಥರದ ನಡೆಯುವ ಗಣಿಯ ಕಂಪನಿಯನ್ನು ಮುಖ್ಯವಾಗಿಟ್ಟುಕೊಳ್ಳಿ. ಪರವಾನಗಿ ಸಿಕ್ಕಿದ ಒಂದು ಯೋಜನೆಯಲ್ಲಿ ಸಣ್ಣ ಭಾಗ ಹಾಕಬಹುದು. ಎಟಾಂಗೊ, ಟೂಮಸ್ ಎರಡರ ನಡುವೆ ಆರಿಸಬೇಕಾದರೆ, ನಿಮ್ಮ ನಂಬಿಕೆ ಬೆಲೆಯ ಮೇಲೆ ಎಷ್ಟಿದೆ ನೋಡಿ. ಪೂರ್ತಿ ನಂಬಿಕೆ ಇಲ್ಲದವರಿಗೆ ಕಮ್ಮಿ ಬಂಡವಾಳಕ್ಕೆ ಇಳಿಸಿದ ಎಟಾಂಗೊ ಹೊಂದುತ್ತದೆ. ಬೆಲೆ ಏರಿಯೇ ತೀರುತ್ತದೆ, ಅಷ್ಟರ ತನಕ ಕಾಯುವ ಕಂಪನಿಯೇ ಬೇಕು ಅನ್ನುವವರಿಗೆ ಟೂಮಸ್. ಕಯೆಲೆಕೆರಾ ಲ್ಯಾಂಗರ್ ಹೈನ್ರಿಚ್‌ಗೂ ಈ ಯೋಜನೆಗಳಿಗೂ ನಡುವಿನದು: ಉತ್ಪಾದನೆ ಇದೆ, ಆದರೆ ಏರಿಳಿತ ತಡೆದುಕೊಳ್ಳುವ ಗುಂಡಿಗೆ ಬೇಕು. ಮಗಳ ಮದುವೆಗೋ ಮನೆಗೋ ಎತ್ತಿಟ್ಟ ಹಣವನ್ನು ಇದರಲ್ಲಿ ಯಾವುದಕ್ಕೂ ಹಾಕಬೇಡಿ.

ನೋವಾ ಥರದ ಹುಡುಕಾಟದ ಉದ್ಯಮಗಳು ಕಳೆದುಕೊಂಡರೂ ಪರವಾಗಿಲ್ಲ ಅನ್ನುವ ಹಣಕ್ಕೆ ಮಾತ್ರ. ಅಲ್ಲೂ ಬೇರೆಯವರ ಹಣದಲ್ಲಿ ಕೊರೆಸುವ ಕಂಪನಿ ಉತ್ತಮ.

ಕೆಲಸಕ್ಕೆ ಹೋಗುವ ಹುಡುಗರಿಗೆ ನನ್ನ ಲೆಕ್ಕ ತಿರುವುಮುರುವು. ಹೂಡಿಕೆಗೆ ಬಾಗಿಲು ಮುಚ್ಚಿದ ಹುಸಾಬ್, ರೋಸಿಂಗ್‌ಗಳೇ ಕೆಲಸಕ್ಕೆ ಗಟ್ಟಿ, ಬೆಲೆ ಬಿದ್ದಾಗಲೂ ಅವು ನಡೆದಿವೆ. ಆದರೆ ನಮೀಬಿಯಾದಲ್ಲಿ ಸ್ಥಳೀಯರಿಗೆ ಮೊದಲ ಆದ್ಯತೆ, ಹೊರಗಿನವರ ವರ್ಕ್ ಪರ್ಮಿಟ್ ಸುಲಭವಲ್ಲ. ಅದು ನ್ಯಾಯವೇ. ಹುಡುಕಾಟದ ಕೆಲಸದಲ್ಲಿ ಕಲಿಯುವುದು ಹೆಚ್ಚು, ಆದರೆ ಹಣ ಹಾಕುವ ಪಾಲುದಾರ ಹಿಂದೆ ಸರಿದ ದಿನ ಕರಾರು ಮುಗಿಯುತ್ತದೆ. ಆಫರ್ ಬಂದರೆ ಆ ಜಂಟಿ ಉದ್ಯಮದ ಖರ್ಚಿನ ಬದ್ಧತೆ ಇನ್ನೆಷ್ಟು ವರ್ಷ ಉಳಿದಿದೆ ಅಂತ ಸಂದರ್ಶನದಲ್ಲೇ ಕೇಳಿ.

ಯಾವುದನ್ನೇ ಆರಿಸಿದರೂ ಕಂಪನಿಯ ಮೂರು ತಿಂಗಳಿಗೊಮ್ಮೆ ಬರುವ ವರದಿ ತೆಗೆದು ನಾಲ್ಕು ಸಾಲು ಹುಡುಕಿ: ಕೈಯಲ್ಲಿರುವ ನಗದು, ಒಂದು ಪೌಂಡಿಗೆ ಆದ ವೆಚ್ಚ, ಮಾರಾಟ ಒಪ್ಪಂದಗಳಲ್ಲಿ ಮಾರುಕಟ್ಟೆ ಬೆಲೆಗೆ ಕಟ್ಟಿರುವುದು ಎಷ್ಟು ಪಾಲು, ಪಾಲುದಾರರ ಸಾಲ ಎಷ್ಟು. ನಗದು ಮುಂದಿನ ಎರಡು ವರದಿಗಳ ತನಕ ಸಾಲದಂತಿದ್ದರೆ ಹೊಸ ಶೇರು ಬರುತ್ತದೆ ಅಂತಲೇ ಲೆಕ್ಕ. ಆ ಶೇರು ಮಾರಾಟ ಮುಗಿಯುವ ತನಕ ಕಾಯಿರಿ, ಅಲ್ಲಿಯವರೆಗೆ ಕೊಳ್ಳುವ ಅವಸರ ಬೇಡ.